ಪಂದಿ ಕರಿಗೆ ಎರಡು ಬಗೆಯ ಬಿಸಿ

ಕೊಡಗಿನ ಪಂದಿ ಕರಿಗೆ ಬರೀ ಮೆತ್ತನೆಯ ಮಾಂಸ ಸಾಲದು. ಚರ್ಮ, ಅದರಡಿಯ ಕೊಬ್ಬು, ಕೆಳಗಿನ ಮಾಂಸ ಮೂರೂ ಒಂದಕ್ಕೊಂದು ಅಂಟಿಕೊಂಡಿರುವ ತುಂಡೇ ಬೇಕು. ಅವಸರದಲ್ಲಿ ಬೇಯಿಸಿದರೆ ಈ ತುಂಡು ಹಲ್ಲಿಗೆ ಬಗ್ಗುವುದಿಲ್ಲ. ಸಣ್ಣ ಉರಿಯಲ್ಲಿ ಒಂದೂವರೆ, ಎರಡು ಗಂಟೆ ಬಿಟ್ಟರೆ ಬೆರಳಲ್ಲಿ ಒತ್ತಿದರೂ ಬಿಡಿಸಿಕೊಳ್ಳುತ್ತದೆ. ಈ ವ್ಯತ್ಯಾಸದ ಹಿಂದಿರುವುದು ಕೊಲಾಜೆನ್.

ಕೊಲಾಜೆನ್ ಎಂಬುದು ಸ್ನಾಯುವಿನ ಎಳೆಗಳನ್ನು ಕಟ್ಟಿಹಿಡಿಯುವ ಪ್ರೋಟೀನ್. ಮೂರು ಸರಪಳಿಗಳು ಒಂದನ್ನೊಂದು ಸುತ್ತಿ, ಹೊಸೆದ ಹಗ್ಗದಂತೆ ಇರುತ್ತವೆ. ಬಿಸಿ 60 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಈ ಹಗ್ಗ ಮೊದಲು ಕುಗ್ಗುತ್ತದೆ, ಮಾಂಸವನ್ನು ಹಿಂಡುತ್ತದೆ. ಅರಿಸಿನ, ಉಪ್ಪು, ಖಾರ ಸವರಿದ ಹಂದಿಮಾಂಸ ಹೆಚ್ಚು ನೀರು ಸೇರಿಸದೆಯೂ ತನ್ನ ನೀರಲ್ಲೇ ಬೇಯತೊಡಗುವುದು ಹೀಗೆ. ಅರ್ಧ ಗಂಟೆಗೆ ಮುಚ್ಚಳ ತೆಗೆದವರಿಗೆ ಮಾಂಸ ಮೊದಲಿಗಿಂತ ಗಟ್ಟಿಯಾಗಿ ಕಂಡರೆ ಅದೂ ನಿಜವೇ. ಬಹಳ ಜನ ಉರಿ ಏರಿಸುವುದು ಆಗಲೇ.

ಏರಿಸಿ ಪ್ರಯೋಜನವಿಲ್ಲ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಅಲ್ಲಿ ನೀರು 96 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಎಷ್ಟು ಸೌದೆ ಒಟ್ಟಿದರೂ ಮಾಮೂಲಿ ಪಾತ್ರೆಯ ನೀರು ಅದಕ್ಕಿಂತ ಬಿಸಿಯಾಗದು, ಬೇಗ ಬತ್ತುತ್ತದೆ ಅಷ್ಟೆ. ಕೊಲಾಜೆನ್‌ನ ಎಳೆಗಳು ಬಿಚ್ಚಿಕೊಂಡು ಜೆಲಾಟಿನ್ ಆಗಿ ಕರಗಲು ಬೇಕಾದದ್ದು ಹೊತ್ತು. ಸ್ನಾಯು ಕಳೆದುಕೊಂಡ ನೀರು ಪೂರ್ತಿ ಮರಳಿ ಬರುವುದಿಲ್ಲ. ತಿನ್ನುವಾಗ ನಾವು ರಸಭರಿತ ಎನ್ನುವುದು ಬಹುಪಾಲು ಆ ಜೆಲಾಟಿನ್ ಮತ್ತು ಕರಗಿದ ಕೊಬ್ಬನ್ನು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಮೊದಲು ಕೊಡಗಿನ ಒಲೆಗಳಲ್ಲಿ ಬೇಟೆಯ ಕಾಡುಹಂದಿಯೂ ಬೇಯುತ್ತಿತ್ತು. ವಯಸ್ಸಾದ ಪ್ರಾಣಿಯ ಕೊಲಾಜೆನ್‌ನಲ್ಲಿ ಎಳೆಗಳ ನಡುವಿನ ಅಡ್ಡಬಂಧಗಳು ಹೆಚ್ಚು, ಕರಗುವುದು ನಿಧಾನ. ಇಂದಿನ ಸಾಕುಹಂದಿ ಎಳೆಯದು, ಅಷ್ಟು ಕಾಯಿಸುವುದಿಲ್ಲ. ಕುಕ್ಕರಿನಲ್ಲಿ ಬಿಸಿ 120 ಡಿಗ್ರಿಯ ಹತ್ತಿರ ಹೋಗುವುದರಿಂದ ಇನ್ನೂ ಬೇಗ ಆಗುತ್ತದೆ. ಆದರೂ ನನಗೆ ದಪ್ಪ ತಳದ ಪಾತ್ರೆಯೇ ಮೇಲು: ರಸ ಬತ್ತುತ್ತಾ ಮಂದವಾಗುವುದು ಅದರಲ್ಲಿ.

ಇನ್ನು ಕಪ್ಪು ಬಣ್ಣ, ಹುರಿದ ಪರಿಮಳ. ಮಾಂಸ ಕಂದಾಗುವಾಗ ಸಕ್ಕರೆ ಮತ್ತು ಅಮೈನೋ ಆಮ್ಲಗಳ ನಡುವೆ ನಡೆಯುವ ಕ್ರಿಯೆಯನ್ನು 1912ರಲ್ಲಿ ವಿವರಿಸಿದವನು ಫ್ರಾನ್ಸಿನ ಲೂಯಿ ಕಮೀಲ್ ಮಯಾರ್. ಅದು ಬಿರುಸಾಗಿ ನಡೆಯಲು 140 ಡಿಗ್ರಿಯಷ್ಟು ಒಣ ಬಿಸಿ ಬೇಕು; ನೀರಿರುವ ಪಾತ್ರೆಯಲ್ಲಿ ಅದು ಸಿಗದು. ಅದಕ್ಕೇ ಯುರೋಪಿನವರು ಮಾಂಸವನ್ನು ಮೊದಲು ಬಾಣಲೆಯಲ್ಲಿ ಕೆಂಪಗೆ ಹುರಿದು, ಆಮೇಲೆ ರಸದಲ್ಲಿ ಬೇಯಿಸುತ್ತಾರೆ. ಕೊಡಗಿನಲ್ಲಿ ಆ ಕೆಲಸ ಮಸಾಲೆಯ ಪಾಲಿಗೆ ಬಂದಿದೆ. ಕೊತ್ತಂಬರಿ, ಜೀರಿಗೆ, ಕರಿಮೆಣಸು, ಸಾಸಿವೆ, ಮೆಂತ್ಯ ಎಲ್ಲವನ್ನೂ ಕಪ್ಪಿಡುವ ಅಂಚಿನವರೆಗೆ ಹುರಿದು ಪುಡಿ ಮಾಡಿ, ಬೇಯುತ್ತಿರುವ ಮಾಂಸಕ್ಕೆ ಬೆರೆಸುತ್ತಾರೆ. ಒಣ ಬಿಸಿ ಒಂದು ಕಡೆ, ಒದ್ದೆ ಬಿಸಿ ಇನ್ನೊಂದು ಕಡೆ. ಇಷ್ಟು ಜಾಣತನದ ಕೆಲಸದ ಹಂಚಿಕೆ ಅಡುಗೆಯಲ್ಲಿ ಅಪರೂಪ ಎಂದೇ ನನ್ನ ಭಾವನೆ.

ಕೊನೆಗೆ ಬರುವುದು ಕಾಚಂಪುಳಿ. ಉಪ್ಪಾಗೆಯ ಜಾತಿಯ ಹಣ್ಣಿನ ರಸವನ್ನು ಕುದಿಸಿ ಕುದಿಸಿ ಇಳಿಸಿದ ಕಪ್ಪು ಹುಳಿ ಅದು. ಈ ಹಣ್ಣಿನ ಮುಖ್ಯ ಆಮ್ಲ ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂದು 1965ರಲ್ಲಿ ಗುರುತಿಸಿದವರು ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ಲೂಯಿಸ್ ಮತ್ತು ನೀಲಕಂಠನ್. ಕೊಬ್ಬಿನ ಜಿಡ್ಡಿಗೆ ಈ ಹುಳಿ ಎದುರು ನಿಲ್ಲುತ್ತದೆ. ಜೊತೆಗೆ ಬ್ಯಾಕ್ಟೀರಿಯಾಗಳಿಗೆ ಹುಳಿ ಒಗ್ಗದಿರುವುದರಿಂದ ಕರಿ ಬೇಗ ಕೆಡುವುದಿಲ್ಲ.

ಇಂಥ ಕರಿಯ ಪಕ್ಕದಲ್ಲಿ ಸಪ್ಪೆಯಾದದ್ದೇ ಚೆನ್ನ. ಜೊತೆಗೆ ಬಡಿಸುವ ಅಕ್ಕಿಯುಂಡೆ ಕಡಂಬುಟ್ಟಿಗೆ ಬೇಕಾದದ್ದು ಅಕ್ಕಿತರಿ, ನೀರು, ಉಪ್ಪು. ತರಿಯನ್ನು ಕುದಿನೀರಲ್ಲಿ ಬೇಯಿಸಿ, ಉಂಡೆ ಕಟ್ಟಿ, ಹಬೆಗೆ ಇಡುತ್ತಾರೆ. ಪಿಷ್ಟ ನೀರು ಹೀರಿ ಉಬ್ಬಿ ಅಂಟಾಗುತ್ತದೆ, ಉಂಡೆ ಒಡೆಯದೆ ನಿಲ್ಲುತ್ತದೆ. ತಣಿದಂತೆ ಅದೇ ಪಿಷ್ಟದ ಅಣುಗಳು ಮತ್ತೆ ಸಾಲುಗಟ್ಟಿ ಬಿಗಿಯುತ್ತವೆ. ಫ್ರಿಜ್ಜಿನಲ್ಲಂತೂ ಇದು ಇನ್ನೂ ಬೇಗ. ಹಾಗಾಗಿ ಮರುದಿನ ಕರಿ ಬಿಸಿ ಮಾಡುವವರು ಕಡಂಬುಟ್ಟನ್ನೂ ಮತ್ತೆ ಹಬೆಗಿಟ್ಟರೆ ಅದು ಮೆತ್ತಗಾಗುತ್ತದೆ.