ಬರೀ 40 ಜನರನ್ನು ಮಾತಾಡಿಸಿದರೆ ಅದು ಸಂಶೋಧನೆಯಾ?

"ಅಧ್ಯಯನದಿಂದ ತಿಳಿದುಬಂದಿದೆ" ಎಂದು ಶುರುವಾಗುವ ಮೆಸೇಜ್ ಗ್ರೂಪಿಗೆ ಬಿದ್ದ ಕೂಡಲೇ ಯಾರಾದರೊಬ್ಬರು ಕೇಳುತ್ತಾರೆ: "ಎಷ್ಟು ಜನರನ್ನು ಕೇಳಿದ್ದಾರಂತೆ? 40? ನಮ್ಮ ದೇಶದ ಜನಸಂಖ್ಯೆ 140 ಕೋಟಿ ಸ್ವಾಮಿ!" ಹೀಗೆ ಪ್ರಶ್ನೆ ಮಾಡುವುದು ಒಳ್ಳೆಯ ಅಭ್ಯಾಸವೇ. ಸಿಕ್ಕಿದ್ದನ್ನೆಲ್ಲ ನಂಬುವುದಕ್ಕಿಂತ ಇದು ಎಷ್ಟೋ ವಾಸಿ. ಆದರೆ ಎಲ್ಲ ಅಧ್ಯಯನಗಳಿಗೂ ಇದೇ ಅಳತೆಗೋಲು ಹಿಡಿದರೆ ಕೆಲವು ಒಳ್ಳೆಯ ಕೆಲಸಗಳನ್ನು ಸುಮ್ಮನೆ ಕಸದ ಬುಟ್ಟಿಗೆ ಹಾಕಿದಂತಾಗುತ್ತದೆ.

40 ಎಂಬ ಸಂಖ್ಯೆಯನ್ನು ಸುಮ್ಮನೆ ಹೇಳಿದ್ದಲ್ಲ. 2018ರ ನವೆಂಬರ್‌ನಲ್ಲಿ ಬಿಬಿಸಿ ಒಂದು ಸಂಶೋಧನಾ ವರದಿ ಪ್ರಕಟಿಸಿತು. ಜನ ಸುಳ್ಳು ಸುದ್ದಿಯನ್ನು ಯಾಕೆ ಹಂಚುತ್ತಾರೆ ಎಂಬುದು ಅದರ ವಿಷಯ. ಭಾರತದಲ್ಲಿ 10 ನಗರಗಳ 40 ಜನರನ್ನು, ಕೆನ್ಯಾ ಮತ್ತು ನೈಜೀರಿಯಾ ಸೇರಿಸಿದರೆ ಒಟ್ಟು 80 ಜನರನ್ನು ದೀರ್ಘವಾಗಿ ಮಾತಾಡಿಸಿದ್ದರು. ಅವರ ಒಪ್ಪಿಗೆ ಪಡೆದು, ಏಳು ದಿನ ಅವರು ಫೋನಿನಲ್ಲಿ ಏನೇನು ಹಂಚಿಕೊಂಡರು ಎಂಬುದನ್ನೂ ನೋಡಿದ್ದರು. ಇಂಥ ಕೆಲಸಕ್ಕೆ ಗುಣಾತ್ಮಕ ಸಂಶೋಧನೆ ಎನ್ನುತ್ತಾರೆ. ಎಣಿಸುವುದು ಇದರ ಉದ್ದೇಶವಲ್ಲ.

ಅನ್ನ ಬೆಂದಿದೆಯೋ ಇಲ್ಲವೋ ನೋಡಲು ಒಂದು ಅಗುಳು ಹಿಸುಕಿದರೆ ಸಾಕು ಎನ್ನುತ್ತೇವಲ್ಲ, ಅದು ನಡೆಯುವುದು ಪಾತ್ರೆಯೊಳಗಿನ ಅಗುಳೆಲ್ಲ ಒಂದೇ ಥರ ಬೇಯುವುದರಿಂದ. ಜನ ಹಾಗಲ್ಲ. ಹಾಗಾಗಿ "ಶೇಕಡಾ ಎಷ್ಟು ಜನ?" ಎಂಬ ಪ್ರಶ್ನೆಗೆ ಸಾವಿರಾರು ಜನರ ಸಮೀಕ್ಷೆಯೇ ಬೇಕು, 40 ಜನರ ಸಂದರ್ಶನ ಅಲ್ಲಿ ಕೆಲಸಕ್ಕೆ ಬಾರದು. ಆದರೆ "ಯಾಕೆ ಹಾಗೆ ಮಾಡುತ್ತಾರೆ, ಮಾಡುವಾಗ ಅವರ ಮನಸ್ಸಿನಲ್ಲಿ ಏನಿರುತ್ತದೆ, ಅವರ ಬದುಕಿನಲ್ಲಿ ಅದು ಎಲ್ಲಿ ಕೂರುತ್ತದೆ?" ಎಂಬ ಪ್ರಶ್ನೆಗೆ ಹೌದು–ಇಲ್ಲ ಎಂದು ಟಿಕ್ ಹಾಕುವ ಫಾರಂ ಉತ್ತರ ಕೊಡುವುದಿಲ್ಲ.

ಇದು ಬರೀ ಕಾಲೇಜಿನ ಚರ್ಚೆಯಲ್ಲ. 2018ರ ಮಕ್ಕಳ ಕಳ್ಳರ ವದಂತಿ ನಿಮಗೆ ನೆನಪಿರಬಹುದು. ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೊ ಊರೂರು ಸುತ್ತಿತು. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಮಾಡಿದ್ದ ಜಾಗೃತಿ ವಿಡಿಯೊ. ಅದು ನಟನೆ ಎಂದು ತಿಳಿಸುವ ಕೊನೆಯ ಭಾಗವನ್ನು ಕತ್ತರಿಸಲಾಗಿತ್ತು. ಆ ವರ್ಷ ದೇಶದ ಹಲವೆಡೆ ಗುಂಪುಗಳು ಅಮಾಯಕರನ್ನು ಹೊಡೆದು ಕೊಂದವು. ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಒಬ್ಬ ಯುವಕ ಸತ್ತ. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಎಂಜಿನಿಯರ್ ಒಬ್ಬರು ಪ್ರಾಣ ಕಳೆದುಕೊಂಡರು. ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದೇ ಅವರ ತಂಡದ ಮೇಲೆ ಸಂಶಯ ಹುಟ್ಟಿಸಿತ್ತು. ಅದೇ ತಿಂಗಳು ವಾಟ್ಸಾಪ್ ಕಂಪನಿ ಭಾರತದಲ್ಲಿ ಒಂದು ಮೆಸೇಜನ್ನು ಒಂದು ಸಲಕ್ಕೆ ಐದು ಚಾಟ್‌ಗಳಿಗಿಂತ ಹೆಚ್ಚಿಗೆ ಫಾರ್ವರ್ಡ್ ಮಾಡದಂತೆ ಮಿತಿ ಹಾಕಲು ಶುರುಮಾಡಿತು.

ಆಗ ಎಲ್ಲರ ಬಾಯಲ್ಲೂ ಒಂದೇ ವಿವರಣೆ: "ಓದಿಲ್ಲದ ಜನ, ಕೈಗೆ ಸ್ಮಾರ್ಟ್‌ಫೋನ್ ಬಂತು, ನಿಜ ಯಾವುದು ಸುಳ್ಳು ಯಾವುದು ಗೊತ್ತಾಗಲ್ಲ." ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಶಕುಂತಲಾ ಬನಾಜಿ, ರಾಮ್ ಭಟ್ ಮತ್ತು ಅವರ ತಂಡ ಕರ್ನಾಟಕ, ಮಹಾರಾಷ್ಟ್ರ, ಮಧ್ಯಪ್ರದೇಶ, ಉತ್ತರ ಪ್ರದೇಶಗಳಲ್ಲಿ ಜನರನ್ನು ಒಬ್ಬೊಬ್ಬರಾಗಿಯೂ ಗುಂಪಿನಲ್ಲಿಯೂ ಮಾತಾಡಿಸಿ 2019ರಲ್ಲಿ ವರದಿ ಕೊಟ್ಟಿತು. ಅದರಲ್ಲಿ ಕಂಡ ಚಿತ್ರ ಬೇರೆಯೇ. ಮೊಬೈಲನ್ನು ಚೆನ್ನಾಗಿ ಬಳಸಬಲ್ಲ, ಓದುಬರಹ ಬಲ್ಲ ಜನರೂ ಇಂಥ ಮೆಸೇಜು ಹಂಚುತ್ತಿದ್ದರು. ಮೆಸೇಜ್ ನಿಜವೇ ಎಂಬುದಕ್ಕಿಂತ ಅದನ್ನು ಕಳಿಸಿದ್ದು ಯಾರು ಎಂಬುದು ಮುಖ್ಯವಾಗಿತ್ತು. ಅಲ್ಪಸಂಖ್ಯಾತರ ಬಗ್ಗೆ, ದಲಿತರ ಬಗ್ಗೆ, ಹೊರಗಿನಿಂದ ಬಂದವರ ಬಗ್ಗೆ ಮೊದಲಿನಿಂದಲೂ ಮನಸ್ಸಿನಲ್ಲಿದ್ದ ಪೂರ್ವಗ್ರಹ ಈ ವದಂತಿಗಳಿಗೆ ದಾರಿ ಮಾಡಿಕೊಟ್ಟಿತ್ತು. ಇದನ್ನು ಯಾವ ಫಾರಂನಲ್ಲಿ ಕೇಳುತ್ತೀರಿ? "ನಿಮಗೆ ಪೂರ್ವಗ್ರಹವಿದೆಯೇ? ಹೌದು / ಇಲ್ಲ" ಎಂದರೆ ಬರುವ ಉತ್ತರ ಎಲ್ಲರಿಗೂ ಗೊತ್ತು.

ಮಾತು ತೆಗೆಯುವುದು ಹೇಗೆ

ಸಂದರ್ಶನ ಎಂದಾಗ ನಮಗೆ ಟಿವಿ ಆ್ಯಂಕರ್‌ಗಳ ನೆನಪಾಗುತ್ತದೆ. ಇದು ಅದಕ್ಕೆ ಪೂರಾ ಉಲ್ಟಾ. ಇಲ್ಲಿ ಪ್ರಶ್ನೆ ಕೇಳುವವರು ಕಡಿಮೆ ಮಾತಾಡಬೇಕು. "ನೀವು ಸುಳ್ಳು ಸುದ್ದಿ ಫಾರ್ವರ್ಡ್ ಮಾಡಿದ್ದೀರಾ?" ಎಂದು ಕೇಳಿದರೆ ಎದುರಿಗಿದ್ದವರು "ಛೇ ಛೇ, ನಾನ್ಯಾಕೆ ಮಾಡಲಿ" ಎನ್ನುತ್ತಾರೆ, ಅಲ್ಲಿಗೆ ಬಾಗಿಲು ಮುಚ್ಚಿತು. "ಹೋದ ವಾರ ನೀವು ಯಾರಿಗಾದರೂ ಕಳಿಸಿದ ಒಂದು ಮೆಸೇಜ್ ತೋರಿಸ್ತೀರಾ? ಅದು ಬಂದಾಗ ನೀವು ಏನು ಮಾಡ್ತಾ ಇದ್ರಿ?" ಎಂದರೆ ಮಾತು ಬರುತ್ತದೆ. ಆಮೇಲೆ "ಆಮೇಲೆ?" ಎಂಬ ಒಂದೇ ಪದ ಎಷ್ಟೋ ಪ್ರಶ್ನೆಗಳ ಕೆಲಸ ಮಾಡುತ್ತದೆ.

ಮೊದಲೇ ಒಪ್ಪಿಗೆ ಕೇಳಬೇಕು, ಬೇಡವೆಂದರೆ ಯಾವಾಗ ಬೇಕಾದರೂ ನಿಲ್ಲಿಸಬಹುದು ಎಂದು ಹೇಳಬೇಕು, ಹೆಸರು ಬದಲಿಸಬೇಕು. ಸಣ್ಣ ಊರುಗಳಲ್ಲಿ ಹೆಸರು ಬದಲಿಸಿದರೆ ಸಾಲದು. "ಬಸ್‌ಸ್ಟ್ಯಾಂಡ್ ಹತ್ತಿರ ಬ್ಲೌಸ್ ಹೊಲಿಯುವ ವಿಧವೆ" ಎಂದು ಬರೆದರೆ ಊರಿಗೆಲ್ಲ ಯಾರೆಂದು ಗೊತ್ತಾಗುತ್ತದೆ.

ರೆಕಾರ್ಡ್ ಆದದ್ದನ್ನು ಅಕ್ಷರಕ್ಕೆ ಇಳಿಸುವುದು ಬೇಜಾರಿನ ಕೆಲಸ. ಒಂದು ಗಂಟೆಯ ಮಾತಿಗೆ ಅರ್ಧ ದಿನ ಹೋಗುತ್ತದೆ. ಇದನ್ನು ಹೊರಗೆ ಕೊಟ್ಟು ಮಾಡಿಸುವವರಿದ್ದಾರೆ, ನನ್ನ ಪ್ರಕಾರ ಅದು ನಷ್ಟ. ಯಾಕೆಂದರೆ ಮುಖ್ಯವಾದದ್ದು ಎಷ್ಟೋ ಸಲ ಒಂದು ಪ್ರತ್ಯಯದಲ್ಲಿ ಅಡಗಿರುತ್ತದೆ. ಕನ್ನಡದ "ಅಂತೆ" ನೋಡಿ. "ಪಪ್ಪಾಯ ಎಲೆ ರಸ ಕುಡಿದ್ರೆ ಪ್ಲೇಟ್‌ಲೆಟ್ ಏರುತ್ತೆ" ಎನ್ನುವುದಕ್ಕೂ "ಏರುತ್ತಂತೆ" ಎನ್ನುವುದಕ್ಕೂ ಅಜಗಜಾಂತರ. ಎರಡನೆಯದರಲ್ಲಿ ಹೇಳುವವರು "ಇದು ನನ್ನ ಮಾತಲ್ಲ, ಕೇಳಿದ್ದು, ಜವಾಬ್ದಾರಿ ನನ್ನದಲ್ಲ" ಎಂದು ಮೊದಲೇ ಸಹಿ ಹಾಕಿಬಿಟ್ಟಿದ್ದಾರೆ. ಇಂಗ್ಲಿಷಿಗೆ ಅನುವಾದಿಸುವಾಗ ಆ "ಅಂತೆ" ಬಿದ್ದುಹೋದರೆ, ಅರೆನಂಬಿಕೆಯಲ್ಲಿದ್ದ ವ್ಯಕ್ತಿ ಕಾಗದದ ಮೇಲೆ ಮೂಢನಂಬಿಕೆಯವರಾಗಿ ಕಾಣುತ್ತಾರೆ. ನಾವು ಫಾರ್ವರ್ಡ್ ಮಾಡುವಾಗಲೂ ಹೀಗೇ ಆಗುತ್ತದೆ ಅನ್ನಿ. ಬಾಯಲ್ಲಿ ಹೇಳುವಾಗ ಇರುವ "ಅಂತೆ", ಬಟನ್ ಒತ್ತಿ ಕಳಿಸುವಾಗ ಇರುವುದಿಲ್ಲ.

ಮಾತಿನಿಂದ ಅರ್ಥಕ್ಕೆ

ಈಗ ನೂರಾರು ಪುಟ ಮಾತು ಸೇರಿತು. ಇದರಲ್ಲಿ ತಮಗೆ ಬೇಕಾದ ನಾಲ್ಕು ಸಾಲು ಆರಿಸಿ ಹಾಕಿದರೆ ಅದು ಸಂಶೋಧನೆಯಲ್ಲ. ಹಾಗಾಗದಂತೆ ತಡೆಯಲು ಇರುವ ವಿಧಾನಗಳಲ್ಲಿ ಒಂದು ಥೀಮ್ಯಾಟಿಕ್ ಅನಾಲಿಸಿಸ್. ಇದನ್ನು ಹೆಚ್ಚು ಜನ ಬಳಸುವಂತೆ ಮಾಡಿದ್ದು ಮನೋವಿಜ್ಞಾನಿಗಳಾದ ವರ್ಜೀನಿಯಾ ಬ್ರೌನ್ ಮತ್ತು ವಿಕ್ಟೋರಿಯಾ ಕ್ಲಾರ್ಕ್ 2006ರಲ್ಲಿ ಬರೆದ ಒಂದು ಲೇಖನ. ಅದರಲ್ಲಿ ಆರು ಹಂತಗಳಿವೆ. ಹೆಸರುಗಳನ್ನು ಬಾಯಿಪಾಠ ಮಾಡುವುದಕ್ಕಿಂತ ಒಂದು ಉದಾಹರಣೆ ನೋಡುವುದು ಸುಲಭ. ಕೆಳಗಿನ ಮಾತು ನಾನೇ ಕಟ್ಟಿದ್ದು, ಯಾರದೋ ನಿಜವಾದ ಸಂದರ್ಶನವಲ್ಲ.

"ಡೆಂಗ್ಯೂ ಟೈಮಲ್ಲಿ ಒಂದು ಬಂದಿತ್ತು, ಪಪ್ಪಾಯ ಎಲೆ ರಸ ಕುಡಿದ್ರೆ ಪ್ಲೇಟ್‌ಲೆಟ್ ಏರುತ್ತಂತೆ ಅಂತ. ನಿಜಾನೋ ಸುಳ್ಳೋ ನಂಗೇನ್ ಗೊತ್ತು. ಎಲೆ ತಾನೆ, ಏನಾಗ್ಬಿಡುತ್ತೆ? ನಮ್ ತಂಗಿ ಮಗಂಗೆ ಜ್ವರ ಇತ್ತು, ಅವ್ರ ಮನೆ ಗ್ರೂಪಿಗೆ ಹಾಕ್ದೆ. ಡಾಕ್ಟ್ರು ಎರಡು ನಿಮಿಷ ನೋಡಿ ಕಳಿಸ್ತಾರೆ, ಏನೂ ಬಿಡಿಸಿ ಹೇಳಲ್ಲ. ಇದು ನಮ್ ಟೀಚರ್ ಕಳಿಸಿದ್ದು, ಅವ್ರು ಸುಮ್‌ಸುಮ್ನೆ ಕಳಿಸ್ತಾರಾ? ನಾನು ಕಳಿಸ್ದೆ ಇದ್ದು, ನಾಳೆ ಆ ಹುಡುಗಂಗೆ ಏನಾದ್ರೂ ಆಗಿದ್ರೆ?"

ಮೊದಲು ಇದನ್ನು ಎರಡು ಮೂರು ಸಲ ಓದುತ್ತಾರೆ. ಆಮೇಲೆ ಪಕ್ಕದಲ್ಲಿ ಸಣ್ಣ ಚೀಟಿಗಳು ಬೀಳುತ್ತವೆ. "ಖಾತ್ರಿ ಇಲ್ಲ, ಆದರೂ ಕಳಿಸಿದರು." "ಗಿಡಮೂಲಿಕೆಯಿಂದ ಹಾನಿಯಿಲ್ಲ ಎಂಬ ಲೆಕ್ಕ." "ವೈದ್ಯರು ವಿವರಿಸಲಿಲ್ಲ." "ಟೀಚರ್ ಮೇಲಿನ ಗೌರವ." "ಕಳಿಸದಿದ್ದರೆ ತಪ್ಪು ತನ್ನ ಮೇಲೆ ಬರುತ್ತದೆಂಬ ಭಯ." ಈ ಚೀಟಿಗಳಿಗೆ ಕೋಡ್ ಎನ್ನುತ್ತಾರೆ. ಎಲ್ಲ ಸಂದರ್ಶನಗಳಿಗೂ ಹೀಗೆ ಮಾಡಿದ ಮೇಲೆ ಯಾವ ಚೀಟಿಗಳು ಒಂದೇ ದಿಕ್ಕಿಗೆ ಕೈ ತೋರಿಸುತ್ತಿವೆ ಎಂದು ನೋಡುತ್ತಾರೆ. ಇಲ್ಲೇ ಹಲವರು ಎಡವುವುದು. ಎಲ್ಲವನ್ನೂ "ಆರೋಗ್ಯದ ಫಾರ್ವರ್ಡ್‌ಗಳು" ಎಂಬ ಡಬ್ಬಿಗೆ ತುಂಬಿದರೆ ಅದು ಬರೀ ವಿಷಯದ ಹೆಸರು, ಏನನ್ನೂ ಹೇಳುವುದಿಲ್ಲ. "ಕಳಿಸುವುದಕ್ಕಿಂತ ಕಳಿಸದೆ ಇರುವುದೇ ಅಪಾಯ ಎನಿಸುತ್ತದೆ" ಎಂದರೆ ಅದು ಥೀಮ್. ಬೇರೆ ಬೇರೆ ಜನರ ಮಾತಿನ ಹಿಂದಿರುವ ಒಂದು ಅರ್ಥವನ್ನು ಅದು ಹಿಡಿದುಕೊಡುತ್ತದೆ. ನಂತರ ಆ ಥೀಮನ್ನು ಹಿಡಿದು ಮತ್ತೆ ಮೊದಲಿನಿಂದ ಎಲ್ಲ ಪುಟಗಳಿಗೆ ಹೋಗಬೇಕು. ಹೊಂದದ ಮಾತು ಸಿಕ್ಕಿದರೆ ಅದನ್ನು ಮುಚ್ಚಿಡದೆ, ಥೀಮನ್ನೇ ಒಡೆಯಬೇಕು ಅಥವಾ ತಿದ್ದಬೇಕು.

(ಅಂದಹಾಗೆ, ಡೆಂಗ್ಯೂನಲ್ಲಿ ಇಳಿದ ಪ್ಲೇಟ್‌ಲೆಟ್ ಚೇತರಿಕೆಯ ದಿನಗಳಲ್ಲಿ ಸಾಮಾನ್ಯವಾಗಿ ತಾನಾಗಿಯೇ ಏರುತ್ತದೆ. ಆಗ ಏನು ಕುಡಿದಿದ್ದರೂ ಹೆಸರು ಅದಕ್ಕೇ ಹೋಗುತ್ತದೆ. ಜ್ವರ ಇಳಿಯುವ ಹೊತ್ತಿನಲ್ಲೇ ಕೆಲವರ ಸ್ಥಿತಿ ಗಂಭೀರವಾಗುವುದರಿಂದ ಎಲೆ ರಸ ನಂಬಿಕೊಂಡು ಆಸ್ಪತ್ರೆಗೆ ತಡಮಾಡುವುದು ಅಪಾಯ.)

ಬ್ರೌನ್ ಮತ್ತು ಕ್ಲಾರ್ಕ್ ಅವರಿಗೆ ಒಂದು ವಾಕ್ಯ ಕಂಡರೆ ಆಗುವುದಿಲ್ಲ: "ಸಂದರ್ಶನಗಳಿಂದ ಥೀಮ್‌ಗಳು ಹೊರಹೊಮ್ಮಿದವು." ಥೀಮ್‌ಗಳು ಮಳೆಗಾಲದ ಅಣಬೆಯಂತೆ ತಾವಾಗಿ ಏಳುವುದಿಲ್ಲ, ಸಂಶೋಧಕರು ಅವನ್ನು ಕಟ್ಟುತ್ತಾರೆ. ಹಾಗಾಗಿ ಸಂಶೋಧಕರು ಯಾರು, ಅವರ ಹಿನ್ನೆಲೆ ಏನು, ಯಾಕೆ ಹಾಗೆ ಓದಿದರು ಎಂಬುದನ್ನು ಬರೆದು ತೋರಿಸಬೇಕು ಎಂಬುದು ಅವರ ವಾದ. ನಗರದಿಂದ ಬಂದ ಇಪ್ಪತ್ತೆಂಟರ ಹುಡುಗಿಯ ಎದುರು ಅರವತ್ತರ ಅಜ್ಜ ಆಡುವ ಮಾತು, ತನ್ನ ವಾರಿಗೆಯವರ ಎದುರು ಆಡುವ ಮಾತಿನಂತಿರುವುದಿಲ್ಲ ತಾನೆ?

ಇನ್ನು ಎಷ್ಟು ಜನ ಸಾಕು ಎಂಬ ಪ್ರಶ್ನೆ. 2006ರಲ್ಲೇ ಗ್ರೆಗ್ ಗೆಸ್ಟ್ ಮತ್ತು ಸಂಗಡಿಗರು ಘಾನಾ ಮತ್ತು ನೈಜೀರಿಯಾದ 60 ಮಹಿಳೆಯರ ಸಂದರ್ಶನಗಳನ್ನು ಇಟ್ಟುಕೊಂಡು ಇದನ್ನು ಪರೀಕ್ಷಿಸಿದರು. ಮೊದಲ 12 ಸಂದರ್ಶನ ಮುಗಿಯುವಷ್ಟರಲ್ಲಿ ಬಹುಪಾಲು ಕೋಡ್‌ಗಳು ಸಿಕ್ಕಿದ್ದವು, ಆಮೇಲೆ ಹೊಸದು ಸಿಕ್ಕಿದ್ದು ಕಡಿಮೆ. ಇದರಿಂದ "12 ಸಾಕು" ಎಂಬುದು ವಿದ್ಯಾರ್ಥಿಗಳಲ್ಲಿ ಮಂತ್ರವಾಗಿಬಿಟ್ಟಿದೆ, ಅದು ಸರಿಯಲ್ಲ. ಅವರು ಮಾತಾಡಿಸಿದ್ದು ಹೆಚ್ಚುಕಡಿಮೆ ಒಂದೇ ಬಗೆಯ ಪರಿಸ್ಥಿತಿಯಲ್ಲಿದ್ದವರನ್ನು, ಕೇಳಿದ್ದು ಒಂದೇ ಬಗೆಯ ಪ್ರಶ್ನೆಗಳನ್ನು. ಜನ ಬೇರೆ ಬೇರೆಯಾದಷ್ಟೂ ಸಂಖ್ಯೆ ಹೆಚ್ಚಬೇಕು.

ಎಲ್ಲಿ ಹುಷಾರಾಗಿರಬೇಕು

ಇಂಥ ಅಧ್ಯಯನದ ಹೆಸರಿನಲ್ಲಿ "ಶೇ. 70 ಭಾರತೀಯರು" ಎಂದು ಶುರುವಾಗುವ ಫಾರ್ವರ್ಡ್ ಬಂದರೆ ಅಲ್ಲೇ ನಿಲ್ಲಿ. 40 ಜನರ ಸಂದರ್ಶನದಿಂದ ಇಡೀ ದೇಶದ ಶೇಕಡಾವಾರು ಬರುವುದಿಲ್ಲ. ಒಂದೋ ಅದು ಬೇರೆ ಸಮೀಕ್ಷೆ, ಇಲ್ಲವೇ ಯಾರೋ ಸೇರಿಸಿದ ಒಗ್ಗರಣೆ. "ಇದರಿಂದಲೇ ಹೀಗಾಯಿತು" ಎಂಬ ಕಾರಣದ ಸಾಬೀತನ್ನೂ ಇದು ಕೊಡಲಾರದು.

ಆದರೆ ಎಣಿಕೆಯ ಸಂಶೋಧನೆ ಎಲ್ಲಿ ಕಣ್ಣು ಹಾಯಿಸಬೇಕು ಎಂದು ಇದು ತೋರಿಸಬಲ್ಲದು. 2019ರ ಲೋಕಸಭಾ ಚುನಾವಣೆಯ ಹೊತ್ತಿನಲ್ಲಿ ಸುಮಿತ್ರಾ ಬದ್ರಿನಾಥನ್ ಬಿಹಾರದಲ್ಲಿ 1,224 ಜನರೊಂದಿಗೆ ಒಂದು ಪ್ರಯೋಗ ನಡೆಸಿದರು. ಸುಳ್ಳು ಸುದ್ದಿ ಗುರುತಿಸುವುದು ಹೇಗೆಂದು ಮನೆಯಲ್ಲೇ ಕೂತು ಸುಮಾರು ಒಂದು ಗಂಟೆ ಪಾಠ ಹೇಳಿಕೊಡಲಾಯಿತು. ಒಟ್ಟಾರೆಯಾಗಿ ಹೇಳಿಕೊಳ್ಳುವಂಥ ಪರಿಣಾಮ ಕಾಣಲಿಲ್ಲ. "ಜನರಿಗೆ ಗೊತ್ತಿಲ್ಲ, ಕಲಿಸಿದರೆ ಸರಿಹೋಗುತ್ತದೆ" ಎಂದುಕೊಂಡವರಿಗೆ ಇದು ಒಗಟು. ಬನಾಜಿ–ಭಟ್ ವರದಿ ಓದಿದವರಿಗೆ ಅಷ್ಟು ಆಶ್ಚರ್ಯವಾಗಲಿಕ್ಕಿಲ್ಲ, ತೊಂದರೆ ಬರೀ ಅಜ್ಞಾನದ್ದಲ್ಲ ಎಂದು ಜನರ ಮಾತಿನಲ್ಲೇ ಕಂಡಿತ್ತಲ್ಲ.

ಹಾಗಿದ್ದರೆ ಮನೆಯ ಗ್ರೂಪಿನಲ್ಲಿ ದೊಡ್ಡಪ್ಪ ಹಾಕಿದ ಸುಳ್ಳು ಮೆಸೇಜಿಗೆ ಏನು ಮಾಡುವುದು? ಪ್ರಣವ್ ಮಲ್ಹೋತ್ರಾ ಮತ್ತು ಕೇಟಿ ಪಿಯರ್ಸ್ ಇದನ್ನೇ ಹಿಡಿದು ಭಾರತದ ಯುವಜನರನ್ನು ಮಾತಾಡಿಸಿ 2022ರಲ್ಲಿ ಪ್ರಕಟಿಸಿದರು. ದೊಡ್ಡವರನ್ನು ತಿದ್ದಬೇಕು, ಆದರೆ ಅವರ ಮುಖಕ್ಕೆ ಹೊಡೆದಂತೆ ಆಗಬಾರದು ಎಂದು ಒದ್ದಾಡುವ ಮಕ್ಕಳು ಮರ್ಯಾದೆ ಉಳಿಸುತ್ತಲೇ ತಿದ್ದಲು ಯಾವ ಯಾವ ದಾರಿ ಹುಡುಕಿಕೊಂಡಿದ್ದಾರೆ ಎಂಬುದು ಅದರ ವಿಷಯ. ಹಾಗೆ ತಿದ್ದಿದ ಮೇಲೆ ದೊಡ್ಡವರ ಫಾರ್ವರ್ಡ್ ಕಡಿಮೆಯಾಯಿತೇ ಎಂಬುದನ್ನು ಸಂದರ್ಶನ ಹೇಳಲಾರದು. ಅದಕ್ಕೆ ಬಿಹಾರದಂಥ ಲೆಕ್ಕದ ಪ್ರಯೋಗವೇ ಬೇಕು, ಜೊತೆಗೆ ದೊಡ್ಡಪ್ಪನನ್ನೂ ಕೂರಿಸಿಕೊಂಡು "ಆಮೇಲೆ?" ಎಂದು ಕೇಳಬೇಕು.