ವೇಗ ಬಿಡಿ, ಹಿಂದಿನ ಗಿಟಾರ್ ಕೇಳಿ: ಜಿಪ್ಸಿ ಜಾಝ್‌ನ ಉಸಿರು ಇರೋದೆಲ್ಲಿ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ)

ಇಯರ್‌ಫೋನ್ ಇದ್ರೆ ಹಾಕ್ಕೊಳ್ಳಿ, ಇವತ್ತಿನ ವಿಷಯ ಕಿವಿಯದ್ದೇ.

ರೀಲ್ಸ್ ನೋಡ್ತಾ ಹೋಗುವಾಗ ಇಂಥದ್ದೊಂದು ವಿಡಿಯೊ ನಿಮಗೂ ಸಿಕ್ಕಿರಬಹುದು. ಒಬ್ಬ ಗಿಟಾರಿಸ್ಟ್, ಕೈಯಲ್ಲಿ ಮೊಟ್ಟೆಯಾಕಾರದ ಸಣ್ಣ ತೂತಿನ ಗಿಟಾರ್, ಬೆರಳು ಕಣ್ಣಿಗೆ ಬೀಳದಷ್ಟು ವೇಗ. ಹ್ಯಾಷ್‌ಟ್ಯಾಗ್: ಜಿಪ್ಸಿ ಜಾಝ್. 'ಅಬ್ಬಾ' ಅಂತೀವಿ, ಲೈಕ್ ಒತ್ತಿ ಮುಂದಕ್ಕೆ ಹೋಗ್ತೀವಿ. ನಾನು ಹೇಳೋದು ಇಷ್ಟೇ: ಅಲ್ಲಿ ನಾವು ನೋಡಿದ್ದು ಈ ಸಂಗೀತದ ಅರ್ಧ ಮಾತ್ರ. ಇನ್ನರ್ಧ ಇರೋದು ಪಕ್ಕದಲ್ಲಿ ಕೂತು, ಎಷ್ಟೋ ಸಲ ಫ್ರೇಮಿನ ಹೊರಗೇ ಉಳಿದು, ಸುಮ್ಮನೆ ಲಯ ಹಿಡಿದಿರುವ ಇನ್ನೊಂದು ಗಿಟಾರ್‌ನಲ್ಲಿ.

ಎರಡು ಬೆರಳಿನ ಕಥೆ

ಮೊದಲು ಈ ಸಂಗೀತ ಬಂದದ್ದೆಲ್ಲಿಂದ ನೋಡೋಣ. ಜಾಂಗೊ ರೈನ್‌ಹಾರ್ಟ್ ಹುಟ್ಟಿದ್ದು 1910ರಲ್ಲಿ, ಬೆಲ್ಜಿಯಂನ ಲಿಬರ್ಶಿ ಎಂಬ ಹಳ್ಳಿಯಲ್ಲಿ, ಊರೂರು ಅಲೆಯುವ ಮನೂಶ್ ಕುಟುಂಬದಲ್ಲಿ. ಬೆಳೆದದ್ದು ಪ್ಯಾರಿಸ್ ಅಂಚಿನ ಬಂಡಿಮನೆಗಳಲ್ಲಿ. 1928ರಲ್ಲಿ, ಅವರಿಗೆ 18 ವರ್ಷವಾಗಿದ್ದಾಗ, ಒಂದು ರಾತ್ರಿ ಆ ಬಂಡಿಮನೆಗೆ ಬೆಂಕಿ ಬಿತ್ತು. ಒಳಗಿದ್ದದ್ದು ಮಾರಾಟಕ್ಕೆಂದು ಮಾಡಿಟ್ಟ ಸೆಲ್ಯುಲಾಯ್ಡ್ ಹೂವು. ಕ್ಷಣದಲ್ಲಿ ಹೊತ್ತಿ ಉರಿಯುವ ವಸ್ತು. ಜಾಂಗೊ ಜೀವ ಉಳಿಯಿತು. ಆದರೆ ಎಡಗೈಯ ಉಂಗುರದ ಬೆರಳು, ಕಿರುಬೆರಳು ಎರಡೂ ಮುರುಟಿಹೋದವು.

ಗಿಟಾರ್ ನುಡಿಸೋರಿಗೆ ಎಡಗೈ ಬೆರಳೇ ಬಂಡವಾಳ. ತಮ್ಮ ಜೋಸೆಫ್ ತಂದುಕೊಟ್ಟ ಗಿಟಾರ್ ಹಿಡಿದು ಜಾಂಗೊ ಮತ್ತೆ ಮೊದಲಿಂದ ಕಲಿತರು. ಸೋಲೊಗೆ ತೋರುಬೆರಳು, ನಡುಬೆರಳು ಎರಡೇ. ಮುರುಟಿದ ಬೆರಳು ಕೆಲವು ಕಾರ್ಡ್ ಒತ್ತಲು ಮಾತ್ರ. ನಾಲ್ಕು ಬೆರಳಿನವರು ಒಂದೇ ಜಾಗದಲ್ಲಿ ಕೈಯಿಟ್ಟು ಅಡ್ಡಡ್ಡ ನುಡಿಸುವುದನ್ನು ಇವರು ಗಿಟಾರಿನ ಕತ್ತಿನುದ್ದಕ್ಕೂ ಓಡಿ ನುಡಿಸಿದರು. ಇವತ್ತು ನಾಲ್ಕೂ ಬೆರಳು ಚೆನ್ನಾಗಿರೋರೂ ಅದೇ ಓಟವನ್ನು ಅಭ್ಯಾಸ ಮಾಡ್ತಾರೆ.

ಡ್ರಮ್ ಇಲ್ಲದ ಬ್ಯಾಂಡ್

1934ರಲ್ಲಿ ಪ್ಯಾರಿಸ್ಸಿನಲ್ಲಿ 'ಹಾಟ್ ಕ್ಲಬ್ ಆಫ್ ಫ್ರಾನ್ಸ್' ಹೆಸರಿನ ಐವರ ತಂಡ ಶುರುವಾಯಿತು. ವಯಲಿನ್‌ನಲ್ಲಿ ಸ್ಟೆಫಾನ್ ಗ್ರಾಪೆಲ್ಲಿ, ಮುಖ್ಯ ಗಿಟಾರ್ ಜಾಂಗೊ, ಜೊತೆಗೆ ಎರಡು ಲಯದ ಗಿಟಾರ್, ಒಂದು ಡಬಲ್ ಬಾಸ್. ಡ್ರಮ್ ಇಲ್ಲ, ಪಿಯಾನೊ ಇಲ್ಲ, ಊದುವ ವಾದ್ಯ ಇಲ್ಲ. ಅಮೆರಿಕದ ಜಾಝ್ ಅನ್ನು ಬರೀ ತಂತಿವಾದ್ಯದಲ್ಲಿ ಕಟ್ಟಿದ ತಂಡ ಇದು.

ಲಯದ ಗಿಟಾರ್ ಎರಡು ಯಾಕೆ? ಇದಕ್ಕೊಂದು ಕಥೆ ಹೇಳ್ತಾರೆ. ಗ್ರಾಪೆಲ್ಲಿ ಸೋಲೊ ನುಡಿಸುವಾಗ ಹಿಂದೆ ಎರಡು ಗಿಟಾರ್ ಇರುತ್ತಿದ್ದವು. ಜಾಂಗೊ ಸೋಲೊಗೆ ಬಂದರೆ ಹಿಂದೆ ಉಳಿಯುತ್ತಿದ್ದದ್ದು ಒಂದೇ. ಇದು ಸರಿಯಲ್ಲ ಅಂತ ಜಾಂಗೊ ಮುನಿಸಿಕೊಂಡರಂತೆ, ಹಾಗೆ ಇನ್ನೊಂದು ಬಂತಂತೆ. ಅಂಥ ಮಾಂತ್ರಿಕನಿಗೂ ಬೆನ್ನಿಗೆ ಜನ ಬೇಕಿತ್ತು ನೋಡಿ.

ಅಂದ ಹಾಗೆ, ಇದೇ ಗ್ರಾಪೆಲ್ಲಿ ಮುಂದೆ, ಈಗ ಬೆಂಗಳೂರಿನಲ್ಲಿ ನೆಲೆಸಿರುವ ವಯಲಿನ್ ವಾದಕ ಎಲ್. ಸುಬ್ರಮಣ್ಯಂ ಜೊತೆ 'ಕಾನ್ವರ್ಸೇಷನ್ಸ್' ಎಂಬ ಆಲ್ಬಂ ಮಾಡಿದರು. ಹುಡುಕಿ ಕೇಳಿ.

ತೊಡೆ ಮೇಲೆ ಕೈಯಿಡಿ

ಡ್ರಮ್ ಇಲ್ಲ ಅಂದ್ರೆ ಆ ಕೆಲಸ ಯಾರು ಮಾಡ್ತಾರೆ? ಅದೇ ಹಿಂದಿನ ಗಿಟಾರ್. ಈ ಬಾರಿಸುವ ರೀತಿಗೆ ಫ್ರೆಂಚ್‌ನಲ್ಲಿ 'ಲ ಪೊಂಪ್' ಅಂತಾರೆ, ಅಂದ್ರೆ ಪಂಪು.

ನೀವೇ ಮಾಡಿ ನೋಡಿ. ತೊಡೆ ಮೇಲೆ ಬಲಗೈ ಇಡಿ. ಒಂದು, ಎರಡು, ಮೂರು, ನಾಲ್ಕು ಅಂತ ಎಣಿಸಿ. ಒಂದಕ್ಕೆ, ಮೂರಕ್ಕೆ ಮೆಲ್ಲಗೆ. ಎರಡಕ್ಕೆ, ನಾಲ್ಕಕ್ಕೆ ಚುರುಕಾಗಿ, ಗಟ್ಟಿಯಾಗಿ. ಗಿಟಾರ್‌ನಲ್ಲಿ ಒಂದು ಮತ್ತು ಮೂರಕ್ಕೆ ದಪ್ಪ ತಂತಿಗಳನ್ನು ಸವರುತ್ತಾರೆ. ಎರಡು ಮತ್ತು ನಾಲ್ಕಕ್ಕೆ ಎಲ್ಲ ತಂತಿಗೂ ಏಟು. ಏಟು ಬಿದ್ದ ಕೂಡಲೇ ಎಡಗೈ ಹಿಡಿತ ಸಡಿಲಿಸಿ ಸದ್ದನ್ನು ಕತ್ತರಿಸುತ್ತಾರೆ. 'ಚಕ್' ಅಂತ ಬರುವ ಆ ಕತ್ತರಿಸಿದ ಸದ್ದೇ ಇಲ್ಲಿನ ಡ್ರಮ್. ಕೇಳೋಕೆ ಸುಲಭ. ಒಂದು ಹಾಡಿನುದ್ದಕ್ಕೂ ಓಡದೆ, ಎಳೆಯದೆ ಹಿಡಿದಿಡೋದು ವರ್ಷಗಳ ಕೆಲಸ.

ಗಿಟಾರ್ ಕೂಡ ಇದಕ್ಕೆ ತಕ್ಕದ್ದೇ. ಇಟಲಿಯ ಮಾರಿಯೊ ಮಕ್ಕಾಫೆರ್ರಿ ರೂಪಿಸಿದ ಗಿಟಾರನ್ನು ಪ್ಯಾರಿಸ್ಸಿನ ಸೆಲ್ಮರ್ ಕಂಪನಿ 1932ರಲ್ಲಿ ಮಾರುಕಟ್ಟೆಗೆ ತಂದಿತು. ಮೈಕು, ಆಂಪ್ಲಿಫೈಯರ್ ಎಲ್ಲೆಡೆ ಇಲ್ಲದ ಕಾಲ, ಗದ್ದಲದ ಹಾಲ್‌ಗಳಲ್ಲಿ ಕೇಳಿಸಬೇಕಿತ್ತು. ಅದಕ್ಕೇ ಸದ್ದು ಜೋರು, ಒಣ, ಬೇಗ ಆರಿಹೋಗುವಂಥದ್ದು. 1952ರಲ್ಲಿ ತಯಾರಿಕೆ ನಿಂತಾಗ ಒಟ್ಟು ಬಂದಿದ್ದವು ಸಾವಿರಕ್ಕಿಂತ ಕಡಿಮೆ. ಇವತ್ತು ನೀವು ನೋಡುವ ಇಂಥ ಗಿಟಾರ್‌ಗಳಲ್ಲಿ ಬಹುತೇಕ ಎಲ್ಲವೂ ಅದೇ ಮಾದರಿಯವು.

ಬಲಗೈಯಲ್ಲೂ ಒಂದು ಗುಟ್ಟಿದೆ. ದಪ್ಪ ಪಿಕ್ ತಂತಿಯನ್ನು ಕೆಳಮುಖವಾಗಿ ಹೊಡೆದು, ಪಕ್ಕದ ತಂತಿಯ ಮೇಲೆ ಹೋಗಿ ಕೂರುತ್ತೆ. ಹೊಸ ತಂತಿಗೆ ಹೋದಾಗಲೆಲ್ಲ ಮತ್ತೆ ಕೆಳಮುಖದ ಏಟಿನಿಂದಲೇ ಶುರು. ಕೈಯ ಭಾರವೆಲ್ಲ ತಂತಿಗೆ ಸಿಗುತ್ತೆ, ಹಾಗಾಗಿ ಬರೀ ಮರದ ಪೆಟ್ಟಿಗೆಯಿಂದ ಅಷ್ಟು ದೊಡ್ಡ ದನಿ ಹೊರಡುತ್ತೆ.

ಹೆಸರಿನೊಳಗಿನ ಮನುಷ್ಯ

ಇಲ್ಲಿ ಒಂದು ಮಾತು. 'ಜಿಪ್ಸಿ' ಅನ್ನೋದು ಹೊರಗಿನವರು ಇಟ್ಟ ಹೆಸರು. ಇವರು ಈಜಿಪ್ಟಿನಿಂದ ಬಂದವರು ಎಂಬ ತಪ್ಪು ನಂಬಿಕೆಯಿಂದ ಹುಟ್ಟಿದ್ದು. ಆ ಜನರಲ್ಲಿ ಅನೇಕರಿಗೆ ಅದು ಬೈಗುಳ. ಅವರು ತಮ್ಮನ್ನು ರೋಮಾ, ಸಿಂಟಿ, ಮನೂಶ್ ಅಂತ ಕರ್ಕೋತಾರೆ. ಫ್ರೆಂಚ್‌ನಲ್ಲಿ ಈ ಸಂಗೀತಕ್ಕೂ 'ಜಾಝ್ ಮನೂಶ್' ಅಂತಲೇ ಹೆಸರು. ಮನೂಶ್ ಅಂದ್ರೇನು ಗೊತ್ತಾ? ಮನುಷ್ಯ. ನಮ್ಮ ಪದದ ನೆಂಟನೇ. ಇವರ ಪೂರ್ವಿಕರು ಸುಮಾರು ಸಾವಿರ ವರ್ಷದ ಹಿಂದೆ ವಾಯವ್ಯ ಭಾರತದ ಕಡೆಯಿಂದ ಹೊರಟವರು. ಅವರ ಭಾಷೆಯಲ್ಲಿ ನೀರಿಗೆ ಇವತ್ತಿಗೂ 'ಪಾನಿ'.

ತಮ್ಮನ್ನು ಮನುಷ್ಯರು ಅಂತ ಕರೆದುಕೊಂಡ ಇವರಲ್ಲಿ ಕನಿಷ್ಠ 2.5 ಲಕ್ಷ ಜನರನ್ನು ನಾಜಿಗಳು ಮತ್ತು ಅವರ ಜೊತೆಗಾರರು ಕೊಂದರು ಎಂಬುದು ಇತಿಹಾಸಕಾರರ ಅಂದಾಜು. ಅದೇ ಯುದ್ಧದ ನಡುವೆ, 1940ರಲ್ಲಿ, ಜರ್ಮನರ ವಶದಲ್ಲಿದ್ದ ಪ್ಯಾರಿಸ್ಸಿನಲ್ಲಿ ಜಾಂಗೊ ತಮ್ಮ ಅತ್ಯಂತ ಪ್ರಸಿದ್ಧ ರಚನೆ 'ನ್ಯುಆಜ್' ಧ್ವನಿಮುದ್ರಿಸಿದರು. ಹೆಸರಿನ ಅರ್ಥ, ಮೋಡಗಳು.

ಇಂದಿನವರು

ಜಾಂಗೊ 1953ರಲ್ಲಿ, 43ನೇ ವಯಸ್ಸಿಗೆ ತೀರಿಕೊಂಡರು. ಅವರಿಗೆ ಸ್ವರಲಿಪಿ ಓದಲು ಬರುತ್ತಿರಲಿಲ್ಲ. ಹಾಗಾದ್ರೆ ಸಂಗೀತ ಉಳಿದದ್ದು ಹೇಗೆ? ಮನೆಗಳಲ್ಲಿ. ಚಿಕ್ಕಪ್ಪ ಸೋಲೊ ನುಡಿಸ್ತಾನೆ, ಹುಡುಗ ಹಿಂದೆ ಕೂತು ಪಂಪು ಹೊಡೀತಾನೆ. ಹೊಡೀತಾ ಹೊಡೀತಾ ಹಾಡಿನ ಎಲ್ಲ ತಿರುವೂ ಕಿವಿಗೆ ಕೂರುತ್ತೆ. ಸೋಲೊ ಆಮೇಲೆ.

ಫ್ರಾನ್ಸ್‌ನ ಅಲ್ಸಾಸ್ ಪ್ರಾಂತ್ಯದ ಬಿರೇಲಿ ಲಾಗ್ರೇನ್ ಇಂಥ ಮನೆಯ ಹುಡುಗ. 1980ರಲ್ಲಿ, ಹದಿಹರೆಯದಲ್ಲೇ, ಮೊದಲ ಆಲ್ಬಂ. ನಂತರ ಎಲೆಕ್ಟ್ರಿಕ್ ಗಿಟಾರ್, ಫ್ಯೂಷನ್ ಅಂತ ದೂರ ಹೋದರು. 2001ರಲ್ಲಿ 'ಜಿಪ್ಸಿ ಪ್ರಾಜೆಕ್ಟ್' ಆಲ್ಬಂನೊಂದಿಗೆ ಮರಳಿದಾಗ ಹಿಂದೆ ಲಯ ಹಿಡಿದವರಲ್ಲಿ ಒಬ್ಬರು ಹೋನೊ ವಿಂಟರ್‌ಸ್ಟೈನ್. ನೆದರ್ಲೆಂಡ್ಸ್‌ನ ರೋಸೆನ್‌ಬರ್ಗ್ ಟ್ರಿಯೊ ಇನ್ನೊಂದು ಉದಾಹರಣೆ. ಹೆಸರಾದವರು ಸ್ಟೋಕೆಲೊ. ಆದರೆ ಲಯದ ಗಿಟಾರಿನ ನುಶೆ, ಬಾಸ್‌ನ ನೋನಿ ಅವರ ದಾಯಾದಿ ಸಹೋದರರು. ಸ್ಟೋಕೆಲೊ ಧೈರ್ಯವಾಗಿ ಗಾಳಿಗೆ ಹಾರೋದು ನುಶೆ ನೆಲ ಅಲುಗಿಸಲ್ಲ ಅನ್ನೋ ನಂಬಿಕೆಯಿಂದ ಅಂತ ನನಗನ್ನಿಸುತ್ತೆ.

ಈಗ ಪ್ರಪಂಚದ ಎಲ್ಲಿ ಬೇಕಾದರೂ ಈ ಸಂಗೀತ ಕಲಿಯಬಹುದು. ಪಾಠ ಯೂಟ್ಯೂಬ್‌ನಲ್ಲಿದೆ, ಪಂಪು ಫೋನಿನ ಬ್ಯಾಕಿಂಗ್ ಟ್ರ್ಯಾಕ್‌ನಲ್ಲಿದೆ. ಒಳ್ಳೆಯದೇ, ಬಾಗಿಲು ತೆರೆದಿದೆ. ನನ್ನ ಆತಂಕ ಬೇರೆ. ಆ ಟ್ರ್ಯಾಕ್ ನಿಮ್ಮನ್ನು ಕೇಳಿಸಿಕೊಳ್ಳಲ್ಲ. ನೀವು ಮೆತ್ತಗಾದಾಗ ಅದು ಮೆತ್ತಗಾಗಲ್ಲ. ಇನ್ನೊಬ್ಬರಿಗಾಗಿ ಬಾರಿಸೋದನ್ನು ಅದು ಕಲಿಸಲ್ಲ. ಮನೂಶ್ ಮನೆಗಳು ಮೊದಲು ಕಲಿಸಿದ್ದೇ ಅದನ್ನು. ಅದು ಹೋದರೆ ಉಳಿಯೋದು ವೇಗ. ವೇಗಕ್ಕೆ ಪ್ರತಿ ವಾರ ಹೊಸ ದಾಖಲೆ ಸಿಗುತ್ತೆ, ಹಳೆಯದು ಮರೆತುಹೋಗುತ್ತೆ.

ಈ ಜಾಮ್‌ಗಳಲ್ಲಿ ಒಂದು ರೂಢಿ ಇದೆ. ಸುತ್ತ ಕೂತವರಲ್ಲಿ ಒಬ್ಬರು ಸೋಲೊ ನುಡಿಸಿದರೆ ಉಳಿದವರು ಪಂಪು ಹೊಡೀತಾರೆ. ಸರದಿ ಮುಗಿದ ಮೇಲೆ, ಎಷ್ಟೇ ದೊಡ್ಡ ಕಲಾವಿದನಾದರೂ, ಅವನೂ ಪಂಪಿಗೆ ಮರಳಬೇಕು.

ಇವತ್ತು ಎರಡು ಟ್ರ್ಯಾಕ್ ಕೇಳಿ. 1937ರ 'ಮೈನರ್ ಸ್ವಿಂಗ್', ಜಾಂಗೊ ಮತ್ತು ಗ್ರಾಪೆಲ್ಲಿಯವರದು. ಆಮೇಲೆ ಸ್ಟೋಕೆಲೊ ರಚಿಸಿದ 'ಫಾರ್ ಸೆಫೋರಾ'. ಮೊದಲ ಸಲ ಸುಮ್ಮನೆ ಕೇಳಿ. ಎರಡನೇ ಸಲ ಸೋಲೊ ಬಿಟ್ಟುಬಿಡಿ, ಹಿಂದಿನ ಗಿಟಾರ್ ಹುಡುಕಿ. ಸಿಕ್ಕಿತು ಅಂದ್ರೆ ತೊಡೆ ಮೇಲಿನ ಕೈ ತಾನಾಗಿಯೇ ಶುರುವಾಗುತ್ತೆ. ಮುಂದಿನ ಸಂಚಿಕೆಯಲ್ಲಿ ಸಿಗೋಣ, ನಮಸ್ಕಾರ.