ಹಾವಿಗೆ ಹಾಲು, ಕಚ್ಚಿಸಿಕೊಂಡವರಿಗೆ ತುಪ್ಪ

ಶ್ರಾವಣ ಬಂತೆಂದರೆ ನನ್ನ ಕ್ಲಿನಿಕ್ಕಿಗೆ ನೆಗಡಿ, ಜ್ವರಗಳ ಜೊತೆಗೆ ಒಂದು ಪ್ರಶ್ನೆಯೂ ಬರುತ್ತದೆ. 'ಡಾಕ್ಟ್ರೇ, ಹಾವು ನಿಜವಾಗಿಯೂ ಹಾಲು ಕುಡಿಯುತ್ತದಾ?' ಕೇಳುವವರು ಸಾಮಾನ್ಯವಾಗಿ ಶಾಲೆಗೆ ಹೋಗುವ ಮಕ್ಕಳು. ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿರುವ ಅಜ್ಜಿ 'ಕುಡಿಯದೇ ಏನು, ನಾನೇ ಕಣ್ಣಾರೆ ನೋಡಿದ್ದೀನಿ' ಎಂದುಬಿಡುತ್ತಾರೆ. ಅಜ್ಜಿ ಸುಳ್ಳು ಹೇಳುತ್ತಿಲ್ಲ. ಹಾವಾಡಿಗನ ಬುಟ್ಟಿಯ ಹಾವು ಬಟ್ಟಲಿಗೆ ಬಾಯಿ ಹಾಕಿದ್ದನ್ನು ಅವರು ನೋಡಿಯೇ ಇರಬಹುದು. ಅದು ಬಾಯಿ ಹಾಕಿದ್ದು ಏಕೆ ಎಂಬುದೇ ಬೇರೆ ಕಥೆ.

ಮೊಲೆಯುಣಿಸಿ ಮರಿ ಸಾಕುವ ಪ್ರಾಣಿಗಳಿಗೆ ಮಾತ್ರ ಹಾಲು ಆಹಾರ. ಹಾವು ಆ ಗುಂಪಿನದಲ್ಲ. ನಾಗರಹಾವಿನ ಮರಿ ಮೊಟ್ಟೆಯೊಡೆದು ಹೊರಬಂದ ಗಳಿಗೆಯಿಂದ ಸ್ವತಂತ್ರ, ತಾಯಿಯ ಹಾಲೆಂಬುದೇ ಅದಕ್ಕೆ ಗೊತ್ತಿಲ್ಲ. ಹಾಲನ್ನು ಅರಗಿಸಿಕೊಳ್ಳುವ ಏರ್ಪಾಡು ಅದರ ಕರುಳಿನಲ್ಲಿ ಇಲ್ಲ. ಸೀಳು ನಾಲಿಗೆಯೂ ಬೆಕ್ಕಿನ ನಾಲಿಗೆಯಂತೆ ನೆಕ್ಕಲು ಬಂದದ್ದಲ್ಲ, ವಾಸನೆ ಹಿಡಿಯಲು ಇರುವಂಥದ್ದು. ಹಾವು ಕುಡಿಯುವುದು ನೀರನ್ನು. ಬಾಯಿಯ ತುದಿಯನ್ನು ನೀರಿಗೆ ತಾಗಿಸಿ ಮೆಲ್ಲಗೆ ಒಳಗೆಳೆದುಕೊಳ್ಳುತ್ತದೆ.

ಹಾಗಾದರೆ ಬುಟ್ಟಿಯ ಹಾವು? ಹಬ್ಬಕ್ಕೆ ಎಷ್ಟೋ ದಿನ ಮೊದಲೇ ಹಿಡಿದು, ಆಹಾರವನ್ನೂ ನೀರನ್ನೂ ಕೊಡದೆ ಕೂಡಿಹಾಕಿದ ಹಾವು ಅದು. ಬಾಯಾರಿ ಬಸವಳಿದ ಪ್ರಾಣಿ ಎದುರಿಗಿಟ್ಟ ದ್ರವ ಯಾವುದಾದರೂ ಬಾಯಿ ಹಾಕುತ್ತದೆ. ನಾವು ಅದನ್ನು ಭಕ್ತಿಯಿಂದ ನೋಡಿ, ನಾಗಪ್ಪ ಹಾಲು ಸ್ವೀಕರಿಸಿದನೆಂದು ಕೈಮುಗಿಯುತ್ತೇವೆ. ಕುಡಿಯದ ಹಾವಿಗೆ ಕತ್ತು ಹಿಡಿದು ಕುಡಿಸುವುದೂ ಉಂಟು. ಇಲ್ಲಿ ವೈದ್ಯನಾಗಿ ನಾನು ಒಂದು ವಿಷಯ ಹೇಳಬೇಕು. ಹಾವಿನ ಶ್ವಾಸನಾಳದ ಬಾಯಿ ನಮ್ಮಂತೆ ಗಂಟಲಿನ ಆಳದಲ್ಲಿಲ್ಲ, ನಾಲಿಗೆಯ ಹಿಂದೆಯೇ, ಬಾಯಿಯ ತಳದಲ್ಲಿ ಮುಂದಕ್ಕೆ ಇದೆ. ದೊಡ್ಡ ಇಲಿಯನ್ನು ನುಂಗುತ್ತಿರುವಾಗಲೂ ಉಸಿರಾಡಲಿ ಎಂದು ಪ್ರಕೃತಿ ಮಾಡಿದ ಅನುಕೂಲ ಅದು. ಬಲವಂತವಾಗಿ ಹಾಲು ಹುಯ್ದರೆ ಅದು ನೇರ ಶ್ವಾಸಕೋಶಕ್ಕೇ ಇಳಿಯಬಹುದು. ಕೆಮ್ಮಿ ಹೊರಹಾಕಲು ನಮಗಿರುವಂತೆ ವಪೆಯೂ ಹಾವಿಗಿಲ್ಲ. ನ್ಯುಮೋನಿಯಾ ಆಗಿ, ಹಬ್ಬ ಕಳೆದ ಮೇಲೆ ಯಾರ ಕಣ್ಣಿಗೂ ಬೀಳದೆ ಸಾಯುತ್ತದೆ.

ಕೇರೆಹಾವು ಹಸುವಿನ ಕಾಲಿಗೆ ಸುತ್ತಿಕೊಂಡು ಕೆಚ್ಚಲಿನಿಂದ ಹಾಲು ಹೀರುತ್ತದೆ ಎಂಬ ಮಾತೂ ಹಳ್ಳಿಗಳಲ್ಲಿದೆ. ಸೂಜಿಯಂಥ ಹಲ್ಲಿನ ಬಾಯಿಗೆ ಮೊಲೆ ಕೊಟ್ಟು ಸುಮ್ಮನೆ ನಿಲ್ಲುವ ಹಸುವನ್ನು ನಾನಂತೂ ಕಂಡಿಲ್ಲ. ಕೇರೆ ಕೊಟ್ಟಿಗೆಗೆ ಬರುವುದು ಇಲಿಗಾಗಿ. ಇಲಿ, ಕಪ್ಪೆ, ಹಲ್ಲಿ, ಹಕ್ಕಿಮರಿ, ಇವು ನಮ್ಮ ಸುತ್ತಲಿನ ಹಾವುಗಳ ಊಟ. ನಾಗರಹಾವು ಕೋಳಿಮೊಟ್ಟೆಯನ್ನೂ ನುಂಗಬಲ್ಲದು. ಆಗುಂಬೆ ಕಡೆಯ ಕಾಳಿಂಗ ಸರ್ಪಕ್ಕೆ ಬೇರೆ ಹಾವುಗಳೇ ಮುಖ್ಯ ಆಹಾರ. ಬೇಳೆ, ಅನ್ನ, ಹಣ್ಣು ತಿನ್ನುವ ಹಾವು ಭೂಮಿಯ ಮೇಲೆ ಎಲ್ಲೂ ಇಲ್ಲ.

ಇತ್ತೀಚೆಗೆ ನಗರದ ಕೆಲವು ಮನೆಗಳಲ್ಲಿ ಬಾಲ್ ಪೈಥಾನ್‌ನಂಥ ವಿದೇಶಿ ಹಾವನ್ನು ಗಾಜಿನ ಪೆಟ್ಟಿಗೆಯಲ್ಲಿ ಸಾಕುವ ಶೋಕಿ ಬಂದಿದೆ. ಅಲ್ಲಿಯೂ ಹಾಲಿನ ಬಟ್ಟಲು ಇಡುವವರಿದ್ದಾರೆ, ಅಂಗಡಿಯ ಕೋಳಿ ತುಂಡು ತಿನ್ನಿಸಿದರೆ ಸಾಕು ಎನ್ನುವವರಿದ್ದಾರೆ. ಹಾವು ಬೇಟೆಯನ್ನು ಇಡಿಯಾಗಿ ನುಂಗುವ ಪ್ರಾಣಿ. ಅದಕ್ಕೆ ಸುಣ್ಣದ ಅಂಶ ಸಿಗುವುದೇ ಆ ಮೂಳೆಗಳಿಂದ. ಬರೀ ಮಾಂಸದ ತುಂಡಿನಲ್ಲಿ ಅದು ಸೊರಗುತ್ತದೆ. ನಿಮ್ಮ ಆರೋಗ್ಯದ ದೃಷ್ಟಿಯಿಂದ ಒಂದು ಮಾತು: ಹಾವಿನ ಮೈಮೇಲೆ, ಮಲದಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ಚಿಕ್ಕ ಮಕ್ಕಳಲ್ಲಿ ಅದು ಜೋರಾದ ಭೇದಿ, ಜ್ವರ ತರುತ್ತದೆ. ಹಾವಿನ ಆಹಾರವನ್ನು ಅಡುಗೆಮನೆಯಲ್ಲಿ ತೊಳೆಯಬೇಡಿ, ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ, ಐದು ವರ್ಷದೊಳಗಿನ ಮಕ್ಕಳನ್ನು ದೂರವಿಡಿ. ನಾಗರ, ಕೇರೆಯಂಥ ನಮ್ಮ ನಾಡಿನ ಹಾವುಗಳನ್ನು ಹಿಡಿದಿಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಹಾವಾಡಿಗರು ಮೊದಲಿನಷ್ಟು ಕಾಣದಿರುವುದಕ್ಕೆ ಇದೂ ಒಂದು ಕಾರಣ.

ಹಾಲಿನ ಈ ನಂಬಿಕೆಯಿಂದ ಅಪಾಯ ಹಾವಿಗೆ ಮಾತ್ರ ಎಂದುಕೊಳ್ಳಬೇಡಿ. ಬಟ್ಟಲು ಹಿಡಿದ ಕೈ ಹೆಡೆಯಿಂದ ಗೇಣುದೂರದಲ್ಲಿ ಇರುತ್ತದೆ. ಮಗುವಿನ ಕೈ ಹಿಡಿದು ಹೆಡೆ ಮುಟ್ಟಿಸಿ ಆಶೀರ್ವಾದ ಪಡೆಯುವವರೂ ಇದ್ದಾರೆ. 'ಹಲ್ಲು ಕಿತ್ತಿದೆ, ಏನೂ ಆಗಲ್ಲ' ಎಂದು ಹಾವಾಡಿಗ ಹೇಳುತ್ತಾನೆ. ಹಾವಿನ ವಿಷದ ಹಲ್ಲಿನ ಹಿಂದೆಯೇ ಇನ್ನೊಂದು, ಮತ್ತೊಂದು ಹಲ್ಲು ಸರದಿಯಲ್ಲಿ ಕಾದಿರುತ್ತವೆ. ಕಿತ್ತ ಜಾಗಕ್ಕೆ ಕೆಲವೇ ವಾರಗಳಲ್ಲಿ ಹೊಸದು ಬರುತ್ತದೆ. ವಿಷದ ಗ್ರಂಥಿ ಹಾಗೆಯೇ ಇರುತ್ತದೆ. ಹುತ್ತಕ್ಕೆ ತನಿ ಎರೆಯುವವರು ಕೂಡ ಬಿಲಕ್ಕೆ ಕೈ ತಾಗಿಸದೆ, ಪೊದೆಗಳ ನಡುವೆ ಬರಿಗಾಲಲ್ಲಿ ನಡೆಯದೆ ಪೂಜೆ ಮುಗಿಸಬಹುದು. ಕಲ್ಲಿನ ನಾಗರಕ್ಕೆ ಹಾಲೆರೆದರೆ ವೈದ್ಯಶಾಸ್ತ್ರದ ತಕರಾರೇನೂ ಇಲ್ಲ. ಬಸವಣ್ಣನವರ ವಚನ ನಿಮಗೆ ಗೊತ್ತೇ ಇದೆ, ಅದನ್ನು ನಾನು ಮತ್ತೆ ಹೇಳುವುದಿಲ್ಲ.

ಇನ್ನು ಕಚ್ಚಿದ ಮೇಲಿನ ಮಾತು. ಹಾವಿಗೆ ಹಾಲು ಕುಡಿಸುವ ನಾವು ಕಚ್ಚಿಸಿಕೊಂಡವರಿಗೂ ಏನಾದರೂ ತಿನ್ನಿಸದೆ ಬಿಡುವುದಿಲ್ಲ. ವಿಷ ಇಳಿಯಲೆಂದು ಲೋಟಗಟ್ಟಲೆ ತುಪ್ಪ, ಏರಿದೆಯೇ ಎಂದು ನೋಡಲು ಬೇವಿನ ಸೊಪ್ಪು, ಮೆಣಸಿನಕಾಯಿ. ನಾಗರಹಾವು ಮತ್ತು ಕಟ್ಟುಹಾವಿನ ವಿಷ ನರಗಳ ಮೂಲಕ ಸ್ನಾಯುಗಳನ್ನು ಸೋಲಿಸುತ್ತದೆ. ಮೊದಲು ರೆಪ್ಪೆ ಜೋಲುತ್ತದೆ, ಮಾತು ತೊದಲುತ್ತದೆ, ಆಮೇಲೆ ನುಂಗುವ ಶಕ್ತಿ ಹೋಗುತ್ತದೆ. ಆ ಹೊತ್ತಿನಲ್ಲಿ ಬಾಯಿಗೆ ಹಾಕಿದ ತುಪ್ಪ ಹೊಟ್ಟೆಗೆ ಹೋಗುವುದಿಲ್ಲ, ಶ್ವಾಸಕೋಶಕ್ಕೆ ಹೋಗುತ್ತದೆ. ಬುಟ್ಟಿಯ ಹಾವಿಗೆ ಆದದ್ದೇ ಮನುಷ್ಯನಿಗೂ ಆಗುತ್ತದೆ. ಕಚ್ಚಿಸಿಕೊಂಡವರಿಗೆ ಕಾಫಿ, ಕಷಾಯ, ಹೆಂಡ, ನಾಟಿ ಔಷಧಿ, ಯಾವುದನ್ನೂ ಬಾಯಿಗೆ ಕೊಡಬೇಡಿ.

ಕಟ್ಟುಹಾವಿನ ವಿಷಯದಲ್ಲಿ ಇನ್ನೊಂದು ಮೋಸವಿದೆ. ಅದು ಕಚ್ಚುವುದು ಹೆಚ್ಚಾಗಿ ರಾತ್ರಿ, ನೆಲದ ಮೇಲೆ ಮಲಗಿದವರನ್ನು. ನೋವಿಲ್ಲ, ಊತವಿಲ್ಲ, ಗುರುತೂ ಸಿಗದಿರಬಹುದು. ಬೆಳಗಿನ ಜಾವ ಹೊಟ್ಟೆನೋವು, ವಾಂತಿ ಎಂದು ಮಗು ಏಳುತ್ತದೆ. ತಾಯಿ ಅಜೀರ್ಣವೆಂದು ಜೀರಿಗೆ ಕಷಾಯ ಮಾಡಿ ಕೊಡುತ್ತಾಳೆ. ಮಳೆಗಾಲದಲ್ಲಿ ನೆಲದ ಮೇಲೆ ಮಲಗಿದ್ದ ಮಗು ಹೀಗೆ ಎದ್ದು, ರೆಪ್ಪೆ ಭಾರವಾಗಿದ್ದರೆ ಹಾವಿನ ಅನುಮಾನ ಮೊದಲು ಬರಬೇಕು. ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿ ಮಲಗಿದರೆ ಸೊಳ್ಳೆಯ ಜೊತೆಗೆ ಇದೂ ತಪ್ಪುತ್ತದೆ. ಧಾನ್ಯ ಚೆಲ್ಲಿದ ಮನೆಗೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು.

ಕಚ್ಚಿದೆ ಎಂದು ಗೊತ್ತಾದ ಕೂಡಲೇ ಬಳೆ, ಉಂಗುರ, ಕಾಲುಂಗುರ ತೆಗೆಯಿರಿ. ಕೈಕಾಲಿಗೆ ಮುರಿದ ಮೂಳೆಗೆ ಕಟ್ಟುವಂತೆ ಪಟ್ಟಿ ಕೊಟ್ಟು ಅಲುಗಾಡದಂತೆ ಮಾಡಿ. ಬಿಗಿಯಾಗಿ ಹಗ್ಗ ಕಟ್ಟಬೇಡಿ, ಕೊಯ್ಯಬೇಡಿ, ಚೀಪಬೇಡಿ. ವಾಂತಿ ಇದ್ದರೆ ಎಡಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಿ. ಹಾವನ್ನು ಹುಡುಕಿ ಕೊಂದು ತರುವ ಸಾಹಸ ಬೇಡ. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಒಂದೇ.

ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರತಿವಿಷ ಉಚಿತ. ಮೊದಲ ಸಲಕ್ಕೇ ಸುಮಾರು 10 ಸೀಸೆ ಬೇಕಾಗುತ್ತದೆ. ಪುಟ್ಟ ಮಗುವಿಗೆ ಇಷ್ಟೊಂದೇ ಎಂದು ಗಾಬರಿಯಾಗಬೇಡಿ. ಮಗುವೆಂದು ಹಾವು ವಿಷ ಕಡಿಮೆ ಬಿಟ್ಟಿರುವುದಿಲ್ಲ, ಹಾಗಾಗಿ ದೊಡ್ಡವರಿಗೂ ಮಕ್ಕಳಿಗೂ ಪ್ರಮಾಣ ಒಂದೇ. ಔಷಧಿ ಹೋಗುವಾಗ ಕೆಲವರಿಗೆ ಮೈ ತುರಿಕೆ, ಚಳಿ, ಉಸಿರುಕಟ್ಟುವಿಕೆ ಬರುವುದುಂಟು. ಅದನ್ನು ಕೂಡಲೇ ಸರಿಪಡಿಸುವ ಚುಚ್ಚುಮದ್ದು ಕೈಗೆಟುಕುವಲ್ಲಿ ಇರಬೇಕು. ಆದ್ದರಿಂದ ನನ್ನಂಥವರ ಸಣ್ಣ ಕ್ಲಿನಿಕ್ಕಿನಲ್ಲಿ ನಿಲ್ಲಿಸದೆ ನೇರ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ.